ಅಪ್ಪ-ಅಮ್ಮನಿಗೆ ಗಡೀಪಾರು ಆದೇಶವಾದರೆ ಮಕ್ಕಳ ಗತಿ ಏನು? ವಲಸೆ ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾವಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಕೆಳಗಿನ ಮನೆಯಲ್ಲಿ ಒಂದು ಪಂಜಾಬಿ ಕುಟುಂಬ ಇದೆ. ಆಶ್ರಯದ ಅರ್ಜಿ ವಜಾ ಆಗಿ ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗ ಮೂವರಿಗೂ ಗಡೀಪಾರು ಆದೇಶವಾಗಿದೆ. ಮಗಳು ಇಲ್ಲೇ ಹುಟ್ಟಿದವಳು, ಎರಡನೇ ಕ್ಲಾಸು. ಮುಂದಿನ ತಿಂಗಳು ಗಂಡ-ಹೆಂಡತಿ ಐಸ್ (ICE, ಅಮೆರಿಕದ ವಲಸೆ ಜಾರಿ ಇಲಾಖೆ) ಕಚೇರಿಗೆ ಹೋಗಿ ಹಾಜರಿ ಹಾಕಬೇಕು. ಅಲ್ಲೇ ಹಿಡಿದುಕೊಂಡರೆ ಮಕ್ಕಳನ್ನು ಯಾರು ಕರೆದುಕೊಂಡು ಹೋಗುತ್ತಾರೋ ಅಂತ ಆಕೆಗೆ ನಿದ್ದೆಯೇ ಇಲ್ಲ. ನಾವೇನು ಮಾಡಬಹುದು?

ಉತ್ತರ (ವಲಸೆ ವಕೀಲೆ): ಹಾಜರಿಗೆ ಮುಂಚೆಯೇ ಅವರು ಒಬ್ಬ ವಕೀಲರನ್ನು ನೋಡಲಿ. ಆದೇಶ ಆದಮೇಲೂ ತಡೆ ಕೇಳಬಹುದು, ಕೇಸು ಮತ್ತೆ ತೆರೆಯಿರಿ ಅಂತಲೂ ಕೇಳಬಹುದು. ಆದರೆ ಅದರ ಫಲಿತಾಂಶಕ್ಕೆ ಕಾಯದೆ ಮಕ್ಕಳ ವಿಷಯ ಈಗಲೇ ಕಾಗದದ ಮೇಲೆ ಬರಬೇಕು.

ಬಂಧನದಲ್ಲಿರುವ ತಂದೆ-ತಾಯಿ ಮಕ್ಕಳಿಗೆ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶ ಕೊಡಬೇಕು ಅಂತ ಐಸ್‌ನಲ್ಲಿ 2013ರಿಂದಲೂ ಲಿಖಿತ ನಿರ್ದೇಶನ ಇದೆ. ಅದು ಹಲವು ಸಲ ಬದಲಾಗಿದೆ, 2025ರ ಜುಲೈನಲ್ಲೂ ಬದಲಾಯಿತು. ಆದರೆ ಹಿಡಿದ ಗಳಿಗೆಯಲ್ಲಿ ಆ ತಾಯಿಗೆ ಒಂದು ಫೋನು ಮಾಡಲು ಸಿಕ್ಕರೆ ಅದೇ ಪುಣ್ಯ. ಯಾರಿಗೆ ಮಾಡಬೇಕು, ಏನು ಹೇಳಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು.

ನ್ಯೂಯಾರ್ಕಿನಲ್ಲಿ ಸ್ಟ್ಯಾಂಡ್‌ಬೈ ಗಾರ್ಡಿಯನ್ ಅಂತ ಒಂದು ಏರ್ಪಾಡಿದೆ. ಮೊದಲು ಕಾಯಿಲೆ ಬಿದ್ದ ತಂದೆ-ತಾಯಿಗಳಿಗಾಗಿ ಇದ್ದದ್ದು. 2018ರಲ್ಲಿ ವಲಸೆ ಬಂಧನ, ಗಡೀಪಾರುಗಳನ್ನೂ ಸೇರಿಸಿದರು. ತಾವು ನಂಬುವವರ ಹೆಸರು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೆ ಆಯಿತು. ಬಂಧನವಾದ ದಿನದಿಂದ ಅವರು ಮಕ್ಕಳನ್ನು ನೋಡಿಕೊಳ್ಳಬಹುದು, ಆಮೇಲೆ ಕೋರ್ಟಿಗೆ ಅರ್ಜಿ ಹಾಕಬೇಕು. ಇದರಿಂದ ತಂದೆ-ತಾಯಿಯ ಹಕ್ಕು ಹೋಗುವುದಿಲ್ಲ. ಇದನ್ನು ಆಕೆಗೆ ಬಿಡಿಸಿ ಹೇಳಿ. ಎಷ್ಟೋ ತಾಯಂದಿರು ಮಗುವನ್ನು ಬರೆದುಕೊಟ್ಟ ಹಾಗೆ ಅಂದುಕೊಂಡು ಸಹಿಗೆ ಹಿಂದೇಟು ಹಾಕುತ್ತಾರೆ.

ಪ್ರಶ್ನೆ: ಮಗಳನ್ನು ಜೊತೆಗೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ ಮೇಡಂ.

ಉತ್ತರ: ನನ್ನ ಮನಸ್ಸಿಗೂ ಅದೇ ಸರಿ ಅನ್ನಿಸುತ್ತದೆ. ಮಗು ಅಪ್ಪ-ಅಮ್ಮನ ಜೊತೆಗಿರಬೇಕು. ಆದರೆ ಅವಳು ಅಮೆರಿಕದ ಪ್ರಜೆ. ಹೋಗಲು ಅಮೆರಿಕದ ಪಾಸ್‌ಪೋರ್ಟ್ ಬೇಕು, ಭಾರತಕ್ಕೆ ವೀಸಾ ಅಥವಾ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ಬೇಕು. ಹದಿನಾರರ ಒಳಗಿನ ಮಕ್ಕಳ ಪಾಸ್‌ಪೋರ್ಟಿಗೆ ಅಪ್ಪ-ಅಮ್ಮ ಇಬ್ಬರೂ ಎದುರಿಗಿರಬೇಕು. ಒಬ್ಬರು ಬರಲಾಗದಿದ್ದರೆ ಡಿಎಸ್-3053 ಫಾರ್ಮಿನಲ್ಲಿ ನೋಟರಿ ಮುಂದೆ ಒಪ್ಪಿಗೆ ಬರೆದುಕೊಡಬೇಕು. ಅಪ್ಪ ಟೆಕ್ಸಾಸಿನ ಬಂಧನ ಕೇಂದ್ರದಲ್ಲಿ ಕೂತಿದ್ದರೆ ಆ ಒಂದು ಸಹಿಗಾಗಿ ವಾರಗಟ್ಟಲೆ ಅಲೆಯಬೇಕು. ಹಾಗಾಗಿ ಈ ವಾರವೇ ಇಬ್ಬರೂ ಹೋಗಿ ಅರ್ಜಿ ಹಾಕಲಿ. ಲಸಿಕೆ ಕಾರ್ಡು, ಸ್ಕೂಲ್ ರೆಕಾರ್ಡು, ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಮಾಡಿಸಿದ ಜನನ ಪ್ರಮಾಣಪತ್ರ ಎಲ್ಲ ಒಂದು ಫೈಲಿನಲ್ಲಿರಲಿ. ಅಲ್ಲಿ ಸ್ಕೂಲಿಗೆ ಸೇರಿಸುವಾಗ ಬೇಕಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: 2025ರ ಫೆಬ್ರವರಿ 5ರಂದು ಅಮೃತಸರಕ್ಕೆ ಮಿಲಿಟರಿ ವಿಮಾನದಲ್ಲಿ 104 ಜನರನ್ನು ತಂದರಲ್ವಾ, ಕೈಕೋಳ ಹಾಕಿ? ಮಕ್ಕಳಿಗೂ ಹಾಗೇ ಮಾಡುತ್ತಾರಾ?

ಉತ್ತರ: ಮಹಿಳೆಯರಿಗೆ, ಮಕ್ಕಳಿಗೆ ಕೋಳ ಹಾಕುವುದಿಲ್ಲ ಎಂದು ಐಸ್ ತಿಳಿಸಿದೆ ಅಂತ ಮಾರನೇ ದಿನ ವಿದೇಶಾಂಗ ಸಚಿವ ಜೈಶಂಕರ್ ರಾಜ್ಯಸಭೆಯಲ್ಲಿ ಹೇಳಿದರು. ಮಗುವಿಗೆ ಕೋಳ ಹಾಕದಿದ್ದರೂ, ಅಷ್ಟು ಹೊತ್ತು ಅಪ್ಪನ ಕೈಕಾಲಿಗೆ ಸರಪಳಿ ಇರುವುದನ್ನು ಅದು ನೋಡುತ್ತದೆ. ಇದನ್ನು ಮಾನವೀಯತೆ ಅಂತ ನಾನು ಒಪ್ಪುವುದಿಲ್ಲ.

ಮಗನನ್ನೂ ಹಿಡಿದರೆ ಟೆಕ್ಸಾಸಿನ ಡಿಲ್ಲಿ (Dilley) ಊರಿನ ಕುಟುಂಬ ಬಂಧನ ಕೇಂದ್ರದಂಥ ಕಡೆ ಅಮ್ಮನ ಜೊತೆ ಇಡಬಹುದು. ವಲಸೆ ಮಕ್ಕಳ ಬಂಧನದ ಬಗ್ಗೆ ಕೋರ್ಟಿನಲ್ಲಿ ಆದ 1997ರ ಫ್ಲೋರೆಸ್ ಒಪ್ಪಂದದ ಪ್ರಕಾರ ಮಕ್ಕಳನ್ನು ಸುಮ್ನೆ ಕೂಡಿಹಾಕುವಂತಿಲ್ಲ. ರೂಢಿಯಲ್ಲಿ 20 ದಿನದ ಮಿತಿ. ಅದು ದಾಟಿದರೆ ವಕೀಲರು ಕೂಡಲೇ ಪ್ರಶ್ನಿಸಬೇಕು.

ಲಂಡನ್‌ನಿಂದ ಒಬ್ಬರು: ಇಲ್ಲಿ ಮಕ್ಕಳಿರುವ ಕುಟುಂಬವನ್ನು ವಿಮಾನಕ್ಕೆ ಮೊದಲು 72 ಗಂಟೆಗಿಂತ ಜಾಸ್ತಿ ಇಡುವಂತಿಲ್ಲ ಅಲ್ವಾ?

ಉತ್ತರ: ಹೌದು, 2014ರ ಕಾಯ್ದೆ. ಸಚಿವರೇ ಒಪ್ಪಿದರೆ ಮಾತ್ರ ಒಂದು ವಾರದವರೆಗೆ. ಕುಟುಂಬವನ್ನು ಹೇಗೆ ಕಳಿಸುತ್ತೀರಿ, ಮಗುವಿನ ಆರೋಗ್ಯ ಹೇಗಿದೆ ಅಂತ ಮೊದಲೇ ಕೇಳುವ ಸ್ವತಂತ್ರ ಸಮಿತಿಯೂ ಅಲ್ಲಿದೆ. ಕಳಿಸುವುದೇ ಆದರೆ ಹೀಗಾದರೂ ಕಳಿಸಬಹುದು. ಅಮೆರಿಕದಲ್ಲಿ ಅಂಥ ಸಮಿತಿ ಇಲ್ಲ.

ಪ್ರಶ್ನೆ: ಗಾರ್ಡಿಯನ್ ಆಗಲು ನಾನೇ ಸಿದ್ಧ ಮೇಡಂ. ನಮ್ಮದು ಎಚ್-1ಬಿ ಕೆಲಸದ ವೀಸಾ. ತೊಂದರೆ ಇದೆಯಾ?

ಉತ್ತರ: ನಿಮ್ಮಂಥ ನೆರೆಹೊರೆ ಸಿಕ್ಕಿದ್ದು ಅವರ ಅದೃಷ್ಟ. ಆದರೆ ನಿಮ್ಮ ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ, ಆಮೇಲೆ ನೀವೂ ಹೊರಡಬೇಕಾಗಬಹುದು. ಆದ್ದರಿಂದ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಇನ್ನೊಬ್ಬರ ಹೆಸರನ್ನು ಬದಲಿಯಾಗಿ ಬರೆಸಿ. ಗುರುದ್ವಾರದಲ್ಲಿ ವಿಚಾರಿಸಿದರೆ ಯಾರಾದರೂ ಸಿಗುತ್ತಾರೆ.

ಸ್ಕೂಲಿನ ನೀಲಿ ಕಾರ್ಡು, ಅಂದರೆ ತುರ್ತಿಗೆ ಯಾರನ್ನು ಕರೆಯಬೇಕು ಅಂತ ಬರೆಯುವ ಕಾರ್ಡು, ಅದರಲ್ಲಿ ನಿಮ್ಮ ಹೆಸರು, ನಂಬರು ನಾಳೆಯೇ ಸೇರಿಸಿಸಿ. ಇಲ್ಲದಿದ್ದರೆ ಮಧ್ಯಾಹ್ನ ಸ್ಕೂಲು ಬಿಟ್ಟಾಗ ಆ ಹುಡುಗಿಯನ್ನು ನಿಮ್ಮ ಕೈಗೆ ಕೊಡುವುದಿಲ್ಲ.