ಮಳೆ ರಜೆ ಬಂತು ಅಂದ್ರೆ ಮಕ್ಕಳು ಮಾಯ, ಆನ್‌ಲೈನ್‌ನಲ್ಲಿ ಏನು ಮಾಡಿಸೋದು?

ಪೊನ್ನಂಪೇಟೆ ಮೇಡಂ:
ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸು, 34 ಮಕ್ಕಳು. ಜುಲೈ ಬಂದರೆ ರಜೆ ಮೇಲೆ ರಜೆ, ತಿರುಗಿ ಬರುವಷ್ಟರಲ್ಲಿ ಪಾಠ ಎಲ್ಲಿ ನಿಂತಿತ್ತು ಅಂತ ನನಗೇ ನೆನಪಿರುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಪ್ರಶ್ನೆ ಹಾಕಿದರೆ ಬರೀ ಹೆಬ್ಬೆರಳು. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ನಾಲ್ಕು ಜನ ಬರೆದರು, ಮೂರು ಉತ್ತರದಲ್ಲಿ ಅಕ್ಷರ ತಪ್ಪೂ ಒಂದೇ! ಎಲ್ಲರೂ ಒಟ್ಟಿಗೆ ಬರೆಯುವ ಗೂಗಲ್‌ನ ಆನ್‌ಲೈನ್ ಬೋರ್ಡು, ಜಾಮ್‌ಬೋರ್ಡ್, ಚೆನ್ನಾಗಿದೆ ಅಂದರು, ಹುಡುಕಿದರೆ ಸಿಗುತ್ತಿಲ್ಲ. ನೀವೆಲ್ಲ ಏನು ಬಳಸುತ್ತೀರಿ?

ಸೋಮವಾರಪೇಟೆ ಮೇಷ್ಟ್ರು:
ಜಾಮ್‌ಬೋರ್ಡನ್ನು ಗೂಗಲ್‌ನವರು 2024ರ ಕೊನೆಗೇ ಮುಚ್ಚಿದರು ಮೇಡಂ, ಹುಡುಕಬೇಡಿ. ಹೊಸ ಆ್ಯಪ್ ಯಾವುದೂ ಬೇಡ. ನಕಲು ಮಾಡೋಕೆ ಆಗದ ಪ್ರಶ್ನೆ ಕೊಡಿ, ಅಷ್ಟೇ.

ಹೋದ ಮಳೆಗಾಲದಲ್ಲಿ ನಾನು ಒಂದೇ ಒಂದು ಗೂಗಲ್ ಶೀಟ್ ಮಾಡಿದೆ. ಒಬ್ಬೊಬ್ಬರಿಗೆ ಒಂದು ಸಾಲು, ಅವರ ಮನೆ ಹತ್ತಿರ ಆ ದಿನ ಎಷ್ಟು ಮಳೆ ಅಂತ ತುಂಬಬೇಕು. ನಮ್ಮ ಕೊಡಗಿನ ತೋಟದ ಮನೆಗಳಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವುದು ಇದ್ದೇ ಇದೆಯಲ್ಲ, ಮಾಪಕ ಇಲ್ಲದವರು ಡಬ್ಬ ಇಟ್ಟು ಸ್ಕೇಲಿನಲ್ಲಿ ಅಳೆದರು. ಮೂರನೇ ದಿನಕ್ಕೆ ಜಗಳ ಶುರು! ಘಟ್ಟದ ಕಡೆಯ ಶಾಂತಳ್ಳಿ ಹುಡುಗಿ ಬರೆದದ್ದನ್ನು ಪೂರ್ವದ ಕುಶಾಲನಗರದವನು ನಂಬಲಿಲ್ಲ, ನಿನ್ನ ಡಬ್ಬಕ್ಕೆ ಸೂರಿನ ನೀರು ಬಿದ್ದಿದೆ ಅಂತ ಕಾಮೆಂಟ್ ಹಾಕಿದ, ಅವಳು ಅಂಗಳದ ಮಧ್ಯದಲ್ಲಿಟ್ಟ ಡಬ್ಬದ ಫೋಟೊ ಹಾಕಿದಳು. ಘಟ್ಟದ ಮಳೆ ಪೂರ್ವಕ್ಕೆ ಹೋದಂತೆ ಯಾಕೆ ಕಡಿಮೆಯಾಗುತ್ತದೆ ಅಂತ ನಾನು ಹೇಳುವ ಮೊದಲೇ ಅವರೇ ಕೇಳಿದರು.

ಶೀಟ್ಸ್ ಆ್ಯಪ್‌ನಲ್ಲಿ ಫೈಲನ್ನು ಆಫ್‌ಲೈನ್‌ಗೆ ಇಟ್ಟುಕೊಂಡರೆ ಸಿಗ್ನಲ್ ಇಲ್ಲದಾಗಲೂ ತುಂಬಬಹುದು, ಸಿಕ್ಕಾಗ ತಾನಾಗೇ ಸೇರಿಕೊಳ್ಳುತ್ತದೆ. ಯಾರಾದರೂ ಅಳಿಸಿಬಿಟ್ಟರೆ ಹಳೆಯದನ್ನು ವರ್ಷನ್ ಹಿಸ್ಟರಿಯಿಂದ, ಅಂದರೆ ಫೈಲಿನ ಹಿಂದಿನ ಪ್ರತಿಗಳ ಪಟ್ಟಿಯಿಂದ, ವಾಪಸ್ ತರಬಹುದು. ನನಗೆ ಎರಡು ಸಲ ಬೇಕಾಯಿತು.

ಸಿದ್ದಾಪುರದಿಂದ ಒಬ್ಬ ಅಪ್ಪ:
ಟೀಚರ್‌ಗಳಿಗೆ ಒಂದು ಮಾತು. ನಮ್ಮದು ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ), ಇರುವುದು ಒಂದೇ ಫೋನು, ಅದು ನನ್ನ ಜೇಬಿನಲ್ಲಿ. ನಾನು ತೋಟದಿಂದ ಬಂದ ಮೇಲೆ ಇಬ್ಬರು ಮಕ್ಕಳೂ ಅದಕ್ಕೇ ಕಾಯುತ್ತಾರೆ, ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಇವತ್ತು ಎಂಟು ಗಂಟೆಯೊಳಗೆ ಕಳಿಸಿ ಅಂದರೆ ಆಗುವುದಿಲ್ಲ. ಮಾಡದವರ ಹೆಸರನ್ನು ಗ್ರೂಪಿನಲ್ಲಿ ಹಾಕುವುದಂತೂ ಬೇಡವೇ ಬೇಡ. ನನ್ನ ಮಗಳು ಅವತ್ತು ಊಟ ಮಾಡಲಿಲ್ಲ.

ಸೋಮವಾರಪೇಟೆ ಮೇಷ್ಟ್ರು:
ನಿಜ ಅಣ್ಣ. ನಾನೂ ಮೊದಲು ಹಾಗೇ ಹೆಸರು ಹಾಕುತ್ತಿದ್ದೆ, ತಪ್ಪಾಯಿತು. ಈಗ ವಾರಕ್ಕೊಮ್ಮೆ ತುಂಬಿದರೆ ಸಾಕು ಅಂದಿದ್ದೇನೆ. ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಫೋನ್ ಸಿಕ್ಕಾಗ ಒಟ್ಟಿಗೆ ಹಾಕುತ್ತಾರೆ.

ಪೊನ್ನಂಪೇಟೆ ಮೇಡಂ:
ಹೆಸರು ಹಾಕುವ ಕೆಲಸ ನಾನೂ ಮಾಡಿದ್ದೇನೆ, ಇವತ್ತೇ ಅಳಿಸುತ್ತೇನೆ. ಮಾರ್ಕ್ಸ್ ಇಲ್ಲದಿದ್ದರೂ ತುಂಬುತ್ತಾರಾ ಸರ್? ಮತ್ತೆ ಡಬ್ಬ ಎಂಥದ್ದು?

ಸೋಮವಾರಪೇಟೆ ಮೇಷ್ಟ್ರು:
ಎಲ್ಲರೂ ಇಲ್ಲ. 28ರಲ್ಲಿ 19 ಜನ ಬಿಡದೆ ತುಂಬಿದರು, ನನಗೆ ಅದೇ ಜಾಸ್ತಿ. ಡಬ್ಬ ಬಾಯಿಯಿಂದ ಬುಡದವರೆಗೆ ಒಂದೇ ಅಗಲ ಇರಬೇಕು. ಬಕೆಟ್ ಬೇಡ, ಮೇಲೆ ಅಗಲ ಕೆಳಗೆ ಸಣ್ಣ, ಲೆಕ್ಕ ತಪ್ಪುತ್ತದೆ. ಪಕ್ಕಕ್ಕೆ ಎರಡು ಕಲ್ಲು ಒತ್ತಿಡಲು ಹೇಳಿ, ಗಾಳಿಗೆ ಹಾರಿಹೋಗುತ್ತದೆ.