‘ಗುಳೆ’ಯನ್ನು ‘ವಲಸೆ’ ಎಂದು ತಿದ್ದಬಹುದೇ? ಜೊತೆಗೆ, ರೆಸಿಲಿಯನ್ಸ್‌ಗೆ ಕನ್ನಡ ಬೇಕಾಗಿದೆ

ಬಳಗದವರಿಗೆಲ್ಲ ನಮಸ್ಕಾರ.

ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗೆ ಸಿದ್ಧವಾಗುತ್ತಿರುವ ಒಂದು ಕೈಪಿಡಿಯ ಕನ್ನಡ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಳೆ-ಬೆಳೆಯ ಲೆಕ್ಕ ತಪ್ಪಿರುವುದು, ಅದರಿಂದ ಜನ ಊರು ಬಿಡುವುದು, ಊರಿನವರು ಅದಕ್ಕೆ ಏನು ಮಾಡಿಕೊಳ್ಳಬಹುದು ಎಂಬುದು ವಿಷಯ. ಕರಡಿನ ಒಂದು ವಾಕ್ಯ ಹೀಗಿದೆ: ‘ಹವಾಮಾನ ವೈಪರೀತ್ಯದಿಂದ ಉಂಟಾಗುವ ವಲಸೆಯನ್ನು ತಗ್ಗಿಸಲು ಸಮುದಾಯದ ಸ್ಥಿತಿಸ್ಥಾಪಕತ್ವವನ್ನು ವೃದ್ಧಿಸುವುದು.’ ಇದರಲ್ಲಿ ‘ಸ್ಥಿತಿಸ್ಥಾಪಕತ್ವ’ ಎಂದಿರುವುದು ಇಂಗ್ಲಿಷಿನ ‘ರೆಸಿಲಿಯನ್ಸ್’ಗೆ, ಅಂದರೆ ಪೆಟ್ಟಿಗೆ ಮೊದಲೇ ಸಿದ್ಧವಾಗಿದ್ದು, ಬಿದ್ದ ಮೇಲೂ ಎದ್ದು ನಿಲ್ಲುವ ಶಕ್ತಿಗೆ. ವ್ಯಾಕರಣದಲ್ಲಿ ಕುಂದೇನೂ ಇಲ್ಲ. ಆದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು, ದೇವದುರ್ಗದ ಕಡೆಯ ಸದಸ್ಯೆಯೊಬ್ಬರು ಇದನ್ನು ಓದಿ ಏನಂತ ತಿಳಿಯಬೇಕು? ನನ್ನ ಅನುಮಾನಗಳನ್ನು ಇಲ್ಲಿ ಇಡುತ್ತೇನೆ. ತಿಳಿದವರು ತಿದ್ದಬೇಕು.

ಮೊದಲು ‘ಗುಳೆ’. ಅನುವಾದಕರು ಎರಡು ಕಡೆ ‘ಗುಳೆ’ ಎಂದೇ ಬರೆದಿದ್ದರು. ಪರಿಶೀಲಿಸಿದವರು ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ‘ಗ್ರಾಮ್ಯ, ವಲಸೆ ಸಾಕು’ ಎಂದು ಗುರುತು ಮಾಡಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪತ್ರಿಕೆಗಳು ದಶಕಗಳಿಂದ ಶೀರ್ಷಿಕೆಯಲ್ಲೇ ಬಳಸುತ್ತಿರುವ ಪದ ಗ್ರಾಮ್ಯ ಹೇಗಾಗುತ್ತದೆ ಎಂಬುದು ಬೇರೆ ಮಾತು. ಮುಖ್ಯವಾಗಿ, ಈ ಎರಡು ಪದ ಒಂದೇ ಅಲ್ಲ. ವಲಸೆ ಹಕ್ಕಿಗೂ ಸಲ್ಲುತ್ತದೆ, ಅಮೆರಿಕಕ್ಕೆ ಹೋಗಿ ನೆಲೆಸಿದ ಎಂಜಿನಿಯರಿಗೂ ಸಲ್ಲುತ್ತದೆ, ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಗಳಿಗೂ ಜನಗಣತಿಯ ಲೆಕ್ಕದಲ್ಲಿ ಸಲ್ಲುತ್ತದೆ. ಗುಳೆ ಇವರಾರಿಗೂ ಸಲ್ಲುವುದಿಲ್ಲ. ಬೆಳೆ ಕೈಕೊಟ್ಟು, ಊರಿನಲ್ಲಿ ಕೂಲಿ ನಿಂತು, ಸಂಸಾರ ಸಮೇತ ಪಾತ್ರೆ ಪಗಡ ಕಟ್ಟಿಕೊಂಡು ಹೊರಟರೆ ಅದು ಗುಳೆ. ಹೋದವರು ಮುಂಗಾರಿಯ ಹೊತ್ತಿಗೆ, ಇಲ್ಲವೇ ಯುಗಾದಿಗೋ ಊರ ಜಾತ್ರೆಗೋ ಮೊಹರಂಗೋ ವಾಪಸಾಗುತ್ತಾರೆ ಎಂಬ ಲೆಕ್ಕವೂ ಪದದ ಒಳಗೇ ಇದೆ. ಮನೆಗೆ ಬೀಗ ಹಾಕಿರುತ್ತಾರೆ, ಮಾರಿರುವುದಿಲ್ಲ. ಮುದುಕರು ಕಟ್ಟೆಯ ಮೇಲೆ ಕೂತಿರುತ್ತಾರೆ. ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲದರಲ್ಲೂ ಹೆಸರು ಊರಿನಲ್ಲೇ. ಅದಕ್ಕೇ ಚುನಾವಣೆ ಬಂದಾಗ ಗುಳೆ ಹೋದವರನ್ನು ಕರೆತರಲು ಗಾಡಿಗಳು ಓಡಾಡುತ್ತವೆ.

ಕ್ರಿಯಾಪದಗಳನ್ನೂ ಗಮನಿಸಿ. ವಲಸೆ ‘ಹೋಗುತ್ತಾರೆ’, ‘ಬರುತ್ತಾರೆ’, ಅಷ್ಟೇ. ಗುಳೆ ಹೋಗುತ್ತಾರೆ, ಗುಳೆ ಏಳುತ್ತಾರೆ, ಗುಳೆ ಕೀಳುತ್ತಾರೆ. ಏಳುವುದು, ಕೀಳುವುದು ಎರಡರಲ್ಲೂ ನೆಲದಿಂದ ಬಿಡಿಸಿಕೊಳ್ಳುವ ನೋವಿನ ಅರ್ಥವಿದೆ. ಇನ್ನೊಂದು ವಿಚಾರ: ಹೋಗುವವರು ತಮ್ಮ ಬಗ್ಗೆ ಹೇಳುವಾಗ ಈ ಪದವನ್ನು ಹೆಚ್ಚಾಗಿ ಬಳಸುವುದಿಲ್ಲ. ‘ದುಡಿಯಾಕ ಹೋಗ್ತೀವ್ರಿ’ ಎನ್ನುತ್ತಾರೆ. ಗುಳೆ ಎನ್ನುವುದು ಊರಿನಲ್ಲಿ ಉಳಿದವರು, ವರದಿಗಾರರು, ಅಧಿಕಾರಿಗಳು. ಹಾಗಾಗಿ ಕೈಪಿಡಿಯಲ್ಲಿ ‘ಗುಳೆ ಕುಟುಂಬಗಳ ಪಟ್ಟಿ’ ಎಂದು ಬರೆದರೆ ಪಟ್ಟಿಗೆ ಸೇರಲು ಕೆಲವರು ಮುಜುಗರಪಡಬಹುದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪರಿಶೀಲಿಸಿದವರು ಈ ಕಾರಣ ಕೊಟ್ಟಿದ್ದರೆ ಜಗಳ ಇರುತ್ತಿರಲಿಲ್ಲ.

ಪದ ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ‘ಅಲ್ಪಾವಧಿ ವಲಸಿಗ’ರೆಂದರೆ ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳು ಮೀರದಂತೆ ಊರ ಹೊರಗಿದ್ದವರು. ವಿಜಯಪುರ, ಕಲಬುರಗಿಯ ತಾಂಡಾಗಳಿಂದ ಸಾಂಗ್ಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋದವರು ದೀಪಾವಳಿಯ ಆಸುಪಾಸಿಗೆ ಹೊರಟು ಕಾರ್ಖಾನೆ ನಿಲ್ಲುವ ಮಾರ್ಚ್-ಏಪ್ರಿಲಿಗೆ ಬಂದರೆ ಈ ಚೌಕಟ್ಟಿನೊಳಗೆ ಹೇಗೋ ಕೂರುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಏಳೆಂಟು ತಿಂಗಳು ಇದ್ದು ಬಂದವರು ಕೂರುವುದಿಲ್ಲ. ಅವರು ಕಾಯಂ ಆಗಿ ಹೋದವರೂ ಅಲ್ಲ. ಗುಳೆ ಎಂಬ ಪದಕ್ಕೆ ಇಂಥ ಆರು ತಿಂಗಳ ಗೆರೆಯ ಹಂಗಿಲ್ಲ.

ಕಬ್ಬಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಆ ಕೆಲಸದ ಒಂದು ಪದ ನಮ್ಮ ಕೈಪಿಡಿಗೂ ಬೇಕು ಅನಿಸುತ್ತದೆ: ‘ಕೊಯ್ತಾ’. ಕುಡುಗೋಲಿನ ಮರಾಠಿ ಹೆಸರು. ಆದರೆ ಮುಕಾದಮನ, ಅಂದರೆ ಆಳುಗಳನ್ನು ಒಯ್ಯುವ ಮೇಸ್ತ್ರಿಯ, ಲೆಕ್ಕದಲ್ಲಿ ಒಂದು ಕೊಯ್ತಾ ಎಂದರೆ ಗಂಡ-ಹೆಂಡತಿ ಜೋಡಿ. ಮುಂಗಡ ಕೊಡುವುದೂ ಕೊಯ್ತಾದ ಮೇಲೆ, ಕೆಲಸ ತೆಗೆಯುವುದೂ ಕೊಯ್ತಾದ ಮೇಲೆ. ಹೆಂಗಸಿಗೆ ಬೇರೆ ಕೂಲಿ ಎಂಬುದೇ ಇಲ್ಲ. ‘ವಲಸೆ ಕಾರ್ಮಿಕ’ ಎಂಬ ಏಕವಚನ ಪುಲ್ಲಿಂಗದಲ್ಲಿ ಈ ಹೆಂಗಸು ಕಾಣುವುದೇ ಇಲ್ಲ.

ಇನ್ನೊಂದು ವಿಚಿತ್ರ ಇದೆ. ಸಿಂಧನೂರು, ಗಂಗಾವತಿ, ಮಾನ್ವಿಯ ಕಡೆ ತುಂಗಭದ್ರಾ ಅಣೆಕಟ್ಟು ಕಟ್ಟಿ ನಾಲೆ ನೀರು ಹರಿದ ಮೇಲೆ ಆಂಧ್ರದಿಂದ ರೈತರು ಬಂದು ನೆಲೆಸಿದರು. ಅವರ ಊರುಗಳಿಗೆ ಇವತ್ತಿಗೂ ‘ಕ್ಯಾಂಪ್’ ಎಂದೇ ಹೆಸರು. ಸಿಂಧನೂರು ತಾಲ್ಲೂಕಿನಲ್ಲಿ ಬಾಂಗ್ಲಾದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಕೊಟ್ಟ ಜಾಗವೂ ‘ಆರ್.ಎಚ್. ಕ್ಯಾಂಪ್’, ಅಂದರೆ ಪುನರ್ವಸತಿ ಕ್ಯಾಂಪ್. ಮೂರನೇ ತಲೆಮಾರು ಹುಟ್ಟಿ ಬೆಳೆದರೂ ಊರಿನ ಹೆಸರಿನಲ್ಲಿ ಡೇರೆ ಉಳಿದುಬಿಟ್ಟಿದೆ. ಅದೇ ರಾಯಚೂರು ಜಿಲ್ಲೆಯ ನಾಲೆ ಮುಟ್ಟದ ಒಣಭೂಮಿಯ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ನೀರು ಇದ್ದಲ್ಲಿಗೆ ಬಂದವರು ಕ್ಯಾಂಪು, ಇಲ್ಲದಲ್ಲಿಂದ ಹೋದವರು ಗುಳೆ. ‘ವಲಸೆ’ ಎಂಬ ಒಂದೇ ಬಣ್ಣ ಬಳಿದರೆ ಈ ಭೂಗೋಳವೆಲ್ಲ ಅಳಿಸಿಹೋಗುತ್ತದೆ.

ಈಗ ನೀರಿನಿಂದ ಊರು ಬಿಟ್ಟವರು. ಇವರನ್ನು ಗುಳೆ ಹೋದವರು ಎನ್ನಲು ಬರುವುದಿಲ್ಲ, ಯಾರೂ ಅನ್ನುವುದೂ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ, ಸುತ್ತಲಿನ ಹಳ್ಳಿಗಳು ಹೋದಾಗ ಎಲ್ಲರ ಬಾಯಲ್ಲಿದ್ದ ಪದ ‘ಮುಳುಗಡೆ’. ಮುಳುಗಡೆ ಊರು, ಮುಳುಗಡೆ ಸಂತ್ರಸ್ತರು, ಮುಳುಗಡೆ ಪರಿಹಾರ. ಇದರಲ್ಲಿ ವಾಪಸು ಬರುವ ಮಾತಿಲ್ಲ, ಬರಲು ಊರೇ ಇಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದ ಹೊಳೆಸಾಲಿನ ಹಳ್ಳಿಗಳು ನೀರಿಗೆ ಸಿಕ್ಕಾಗ ಮತ್ತೊಂದು ಪದ ಸೇರಿತು. ಸರ್ಕಾರ ಮನೆ ಕಟ್ಟಿಕೊಡುವ ಯೋಜನೆಗೆ ‘ಆಸರೆ’ ಎಂದು ಹೆಸರಿಟ್ಟಿತು. ಜನರ ಬಾಯಲ್ಲಿ ಅದು ‘ಆಸರಿ ಮನಿ’ ಆಗಿ ಒಂದು ಬಗೆಯ ಮನೆಯ ಹೆಸರೇ ಆಯಿತು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಹೊಟ್ಟು-ಮೇವು ಒಟ್ಟಲು ಹಿತ್ತಲಿಲ್ಲ ಎಂದು ಎಷ್ಟೋ ಮಂದಿ ಹಳೆಯ ಊರಿಗೇ ಮರಳಿದರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮತ್ತೆ ಉಕ್ಕಿದವು. ಕರಡಿನಲ್ಲಿ ಇದನ್ನೆಲ್ಲ ‘ಯೋಜಿತ ಸ್ಥಳಾಂತರ’ ಎಂದು ಕರೆಯಲಾಗಿದೆ. ‘ಊರು ಎತ್ತುವುದು’ ಎಂದರೆ ಬೇಗ ತಿಳಿಯುತ್ತದೆ. ಎತ್ತಿದ್ದು ಯಾರು ಎಂದು ಓದುಗರು ಕೇಳುತ್ತಾರಲ್ಲ, ಅದೂ ಒಳ್ಳೆಯದೇ.

ಪ್ರವಾಹ ಎಂಬ ಪದವನ್ನೂ ನಾನು ಬಿಟ್ಟಿದ್ದೇನೆ. ಕರಾವಳಿ, ಮಲೆನಾಡಿಗೆ ನೆರೆ, ಕೃಷ್ಣಾ ತೀರದವರಿಗೆ ‘ಹೊಳಿ ಬಂತು’, ತುಳುವರಿಗೆ ಬೊಳ್ಳ. ಹೊಳೆ ಬರುವುದು ಎಂಬ ಮಾತು ಎಷ್ಟು ಚೆನ್ನಾಗಿದೆ ನೋಡಿ, ಬಂದವರು ಹೋಗುತ್ತಾರೆ ಎಂಬ ನಂಬಿಕೆಯೂ ಅದರಲ್ಲಿದೆ. ಕೊಡಗಿನಲ್ಲಿ 2018ರ ಆಗಸ್ಟಿನ ಅನಾಹುತಕ್ಕೆ ಪತ್ರಿಕೆಗಳು ಭೂಕುಸಿತ ಎಂದವು; ಅಲ್ಲಿನವರು ಬರೆ ಜರಿಯಿತು, ಗುಡ್ಡ ಜರಿಯಿತು ಎನ್ನುತ್ತಾರೆ. ಹೊಸದಾಗಿ ಕಟ್ಟಿದ ಪದಗಳೆಲ್ಲ ಸೋಲುತ್ತವೆ ಎಂದೇನೂ ನನ್ನ ವಾದವಲ್ಲ. ಮಂಗಳೂರಿನ ಬಳಿಯ ಉಳ್ಳಾಲ, ಸೋಮೇಶ್ವರದ ಕಡೆಯ ಸುದ್ದಿಯಲ್ಲಿ ಕೇಳಿಬರುವ ‘ಕಡಲ್ಕೊರೆತ’ ಈಗ ಎಲ್ಲರ ಬಾಯಲ್ಲೂ ಇದೆ. ಯಾರು ಕಟ್ಟಿದರೋ, ಅವರಿಗೆ ನಮಸ್ಕಾರ.

ಕರಡಿನಲ್ಲಿರುವ ‘ಹವಾಮಾನ ನಿರಾಶ್ರಿತರು’ ಎಂಬುದನ್ನು ಮಾತ್ರ ತೆಗೆದೇ ತೀರಬೇಕು. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೂ ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯದಿಂದ ದೇಶ ಬಿಟ್ಟವರು ನಿರಾಶ್ರಿತರು. ಬರಕ್ಕೆ, ಸಮುದ್ರದ ಏರಿಕೆಗೆ ಅದರಲ್ಲಿ ಜಾಗವಿಲ್ಲ. ಭಾರತ ಆ ಒಪ್ಪಂದಕ್ಕೆ ಸಹಿಯನ್ನೂ ಹಾಕಿಲ್ಲ. ಪೆಸಿಫಿಕ್ಕಿನ ಪುಟ್ಟ ದೇಶ ಟುವಾಲು 2023ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. ಅಲ್ಲಿ ಕೂಡ ಅವರು ನಿರಾಶ್ರಿತರಾಗಿ ಹೋಗುವುದಿಲ್ಲ, ವೀಸಾ ಪಡೆದು ಹೋಗುತ್ತಾರೆ. ನಮ್ಮ ಕನ್ನಡದಲ್ಲಂತೂ ನಿರಾಶ್ರಿತ ಎಂದರೆ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರವೂ ನೆನಪಾಗುತ್ತದೆ, ಅದು ಭಿಕ್ಷುಕರಿಗಾಗಿ ಇರುವುದು. ಗುಳೆ ಹೋದವರಿಗೆ ಊರಿದೆ, ಮನೆಯಿದೆ, ಹೊಲವೂ ಇರಬಹುದು. ಹೊಲ ಬೆಳೆಯದು, ಅಷ್ಟೇ.

ಇನ್ನು ನಿಜವಾದ ತಲೆನೋವು, ‘ಸಮುದಾಯದ ಸ್ಥಿತಿಸ್ಥಾಪಕತ್ವ’. ಸ್ಥಿತಿಸ್ಥಾಪಕತ್ವ ಭೌತಶಾಸ್ತ್ರದ ಪದ: ಎಳೆದ ಸ್ಪ್ರಿಂಗು ಬಿಟ್ಟಾಗ ಮೊದಲಿದ್ದಲ್ಲಿಗೆ ಮರಳುವ ಗುಣ. ಸಾಲದಲ್ಲಿದ್ದ ರೈತ ಬರದ ನಂತರ ಮೊದಲಿನ ಸಾಲಕ್ಕೇ ಮರಳಿದರೆ ಅದನ್ನು ಸಾಧನೆ ಎನ್ನುತ್ತೇವೆಯೇ? ‘ಸಹಿಷ್ಣುತೆ’, ‘ತಾಳಿಕೆ’ ಬಿತ್ತನೆ ಬೀಜದ ಮಾತಿನಲ್ಲಿ ಸರಿ. ಮನುಷ್ಯರಿಗೆ ಹಚ್ಚಿದರೆ ‘ತಾಳಿದವನು ಬಾಳಿಯಾನು’ ಎಂದು ಉಪದೇಶ ಮಾಡಿದಂತಾಗುತ್ತದೆ, ಪರಿಹಾರ ಕೇಳಿ ತಹಶೀಲ್ದಾರ್ ಕಚೇರಿಗೆ ಬಂದವರ ಬಾಯಿ ಮುಚ್ಚಿಸಲು ಅನುಕೂಲ. ‘ಚೇತರಿಕೆ’ ಒಳ್ಳೆಯ ಪದ, ಆದರೆ ಪೆಟ್ಟು ಬಿದ್ದ ಮೇಲಿನದ್ದು ಮಾತ್ರ. ಪೆಟ್ಟು ಬೀಳುವ ಮುಂಚೆ ಮಾಡಿಕೊಳ್ಳುವ ತಯಾರಿ ಅದರಲ್ಲಿ ಇಲ್ಲ. ‘ಪುಟಿದೇಳುವಿಕೆ’ ಕ್ರೀಡಾ ಪುಟದಲ್ಲಿ ಚೆನ್ನ.

‘ಸಮುದಾಯ’ದ ಗತಿಯೂ ಕೆಟ್ಟಿದೆ. ‘ನೀವು ಯಾವ ಸಮುದಾಯದವರು?’ ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು ಜಾತಿಯ ಹೆಸರು. ಚುನಾವಣೆ ವರದಿಗಳು ಆ ಪದವನ್ನು ಹಾಗೆ ಪಳಗಿಸಿಬಿಟ್ಟಿವೆ. ಪಂಚಾಯಿತಿ ಸಭೆಯಲ್ಲಿ ‘ಸಮುದಾಯದ ಶಕ್ತಿ ಹೆಚ್ಚಿಸುವುದು’ ಎಂದರೆ ಕಿವಿ ನಿಮಿರುವುದು ಬೇರೆ ಕಾರಣಕ್ಕೆ. ಹಾಗಾಗಿ ‘ಊರು’ ಎಂದೇ ಬರೆದಿದ್ದೇನೆ. ಊರಿನೊಳಗೆ ಕೇರಿಗಳಿವೆ, ಹಗೇವಿನಲ್ಲಿ (ಧಾನ್ಯ ಕೂಡಿಡುವ ನೆಲದ ಗುಂಡಿಯಲ್ಲಿ) ಜೋಳ ಎಲ್ಲರ ಮನೆಯಲ್ಲೂ ಇರಲಿಲ್ಲ ಎಂಬುದು ಗೊತ್ತು. ಅದನ್ನು ಕೈಪಿಡಿ ಬಿಡಿಸಿ ಹೇಳಲಿ, ಪದದ ಮರೆಯಲ್ಲಿ ಅಡಗಿಸುವುದು ಬೇಡ.

ನನ್ನ ಸದ್ಯದ ಆಯ್ಕೆ ‘ಸುಧಾರಿಸಿಕೊಳ್ಳು’. ಓಡಿ ಬಂದವನು ಸುಧಾರಿಸಿಕೊಳ್ಳುತ್ತಾನೆ, ಬಾಣಂತಿ ಸುಧಾರಿಸಿಕೊಳ್ಳುತ್ತಾಳೆ, ಕೈಯಲ್ಲಿ ದುಡ್ಡಿಲ್ಲದಾಗ ಹೇಗೋ ಸುಧಾರಿಸಿಕೊಂಡು ಹೋಗುತ್ತೇವೆ. ಸಮಯ ಹಿಡಿಯುತ್ತದೆ ಎಂಬುದೂ, ಇದ್ದುದರಲ್ಲೇ ಹೊಂದಿಸುವುದೂ ಅದರಲ್ಲಿದೆ. ತೊಡಕೇನೆಂದರೆ ಇದರ ನಾಮಪದವನ್ನು ಸರ್ಕಾರ ಮೊದಲೇ ತೆಗೆದುಕೊಂಡಿದೆ. ‘ಸುಧಾರಣೆ’ ಎಂದರೆ ಭೂಸುಧಾರಣೆ, ಆಡಳಿತ ಸುಧಾರಣೆ. ಆದ್ದರಿಂದ ಕ್ರಿಯಾಪದವಾಗಿಯೇ ಬಳಸಬೇಕು: ‘ಎರಡು ವರ್ಷ ಮಳೆ ಕೈಕೊಟ್ಟರೂ ಊರು ಸುಧಾರಿಸಿಕೊಳ್ಳುವಂತೆ ಮಾಡುವುದು.’ ಮುಂಚಿನ ತಯಾರಿಯ ಅರ್ಥ ಬೇಕಾದಲ್ಲಿ ಪದ ಹುಡುಕದೆ ಕೆಲಸವನ್ನೇ ಹೆಸರಿಸಿದ್ದೇನೆ. ಹಿಂಗಾರಿ ಬಿಳಿಜೋಳದ ಜೊತೆ ಸಾಲಿನ ನಡುವೆ ಮತ್ತೊಂದು ಬೆಳೆ, ಕೆರೆಯ ಹೂಳು ತೆಗೆಯುವುದು, ಮುಯ್ಯಾಳು (ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವುದು), ಖಾತ್ರಿ ಕೆಲಸ. ಉದ್ಯೋಗ ಖಾತ್ರಿಯನ್ನು ಆ ಕಡೆ ‘ಖಾತ್ರಿ’ ಎಂದಷ್ಟೇ ಕರೆಯುತ್ತಾರೆ. ಬರ ಘೋಷಣೆಯಾದ ಕಡೆ ವರ್ಷಕ್ಕೆ ನೂರು ದಿನದ ಕೆಲಸವನ್ನು 150ಕ್ಕೆ ಏರಿಸಲು ಅವಕಾಶವಿತ್ತು ಎಂಬುದು ಎಲ್ಲರಿಗೂ ಬಾಯಿಪಾಠ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಈ ಲೆಕ್ಕಕ್ಕಾಗಿಯೇ ಜನ ಕಾದಿದ್ದರು.

ಹಾಗೆಂದು ಗುಳೆಯನ್ನು ‘ತಗ್ಗಿಸುವುದು’ ಎಂಬ ಮಾತೂ ನನಗೆ ಹಿಡಿಸಿಲ್ಲ. ಗುಳೆ ಹೋಗುವುದೇ ಎಷ್ಟೋ ಮನೆಗಳು ಸುಧಾರಿಸಿಕೊಳ್ಳುವ ದಾರಿ. ಬೆಂಗಳೂರಿನಿಂದ ಬಂದ ಕೂಲಿಯ ಹಣದಲ್ಲೇ ಮುಂದಿನ ಬಿತ್ತನೆ ನಡೆಯುತ್ತದೆ. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಒಮ್ಮೆಗೇ ಊರಿಗೆ ಮರಳಿದಾಗ ಊರು ಹೇಗೆ ಏದುಸಿರು ಬಿಟ್ಟಿತು ಎಂಬುದನ್ನು ಯಾದಗಿರಿ, ರಾಯಚೂರಿನವರನ್ನು ಕೇಳಬೇಕು. ಆದ್ದರಿಂದ ಅಲ್ಲಿ ‘ಬೇರೆ ದಾರಿಯಿಲ್ಲದೆ ಗುಳೆ ಹೋಗುವುದು ತಪ್ಪಲಿ’ ಎಂದು ತಿದ್ದಿದ್ದೇನೆ.

‘ಹವಾಮಾನ’ದ ತಕರಾರಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಶಾಲೆಯ ಪುಸ್ತಕದಲ್ಲಿ ದಿನದಿನದ್ದು ಹವಾಮಾನ, ಬಹುಕಾಲದ್ದು ವಾಯುಗುಣ. ಪತ್ರಿಕೆಯಲ್ಲಿ ಎರಡೂ ಹವಾಮಾನ. ರೈತರಿಗೆ ‘ಮಳಿ ಕೆಟ್ಟೈತಿ’. ಪತ್ರಿಕೆಯ ಬಳಕೆಯೇ ಗೆದ್ದಿದೆ, ಅದನ್ನೇ ಇಟ್ಟಿದ್ದೇನೆ.

ನಿಮ್ಮಿಂದ ಬೇಕಾದದ್ದು: ಗುಳೆ ಹೋದವರು ಮರಳಿ ಬರುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯೇ? ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರಿನವರು ಗುಳೆ ಎನ್ನುತ್ತೀರೋ, ಬೇರೇನಾದರೂ ಹೇಳುತ್ತೀರೋ? ‘ಸುಧಾರಿಸಿಕೊಳ್ಳು’ ಕರಾವಳಿ, ಮಲೆನಾಡಿನವರ ಕಿವಿಗೆ ಇದೇ ಅರ್ಥದಲ್ಲಿ ಕೇಳುತ್ತದೆಯೇ, ಅಥವಾ ಬರೀ ದಣಿವಾರಿಸಿಕೊಳ್ಳುವುದು ಅನಿಸುತ್ತದೆಯೇ? ಕರಡು ಮುದ್ರಣಕ್ಕೆ ಹೋಗುವ ಮುಂಚೆ ಬದಲಿಸಲು ಅವಕಾಶವಿದೆ, ಸಾಧ್ಯವಾದರೆ ಬೇಗ ಬರೆಯಿರಿ.