ಅರ್ಕಾವತಿಗೆ ಅಡ್ಡ ಬಂದ ಸರ್ಕಾರ

ಭಾನುವಾರದ ಪುರವಣಿ. ಪದಬಂಧದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಈ ವಾರದ ವಿಷಯ: ಕರ್ನಾಟಕದ ನದಿಗಳು’. ಭಟ್ಟರ ಹೋಟೆಲಿನ ಮೂಲೆ ಮೇಜು, ಮೂರು ತಲೆ, ಒಂದು ಪೆನ್ಸಿಲ್ಲು.

ಕಂಡಕ್ಟರ್: ನದಿ ತಾನೆ ಸಾರ್, ಐದು ನಿಮಿಷದ ಕೆಲಸ. ಆರನೇದು ಎಡದಿಂದ ಬಲಕ್ಕೆ, ನಾಲ್ಕು ಮನೆ. ಬರೀರಿ, ಶರಾವತಿ.

ಮೇಷ್ಟ್ರು: ಸುಳಿವೇ ಓದಲಿಲ್ವಲ್ಲೋ!

ಕಂಡಕ್ಟರ್: ವಿಷಯಾನೇ ಹೇಳಿದ್ಮೇಲೆ ಸುಳಿವ್ಯಾಕೆ?

ಮೇಷ್ಟ್ರು: ವಿಷಯ ಹೇಳೋದೇ ದಾರಿ ತಪ್ಸೋಕೆ ಕಣಯ್ಯ. ಶರಾವತಿ, ನೇತ್ರಾವತಿ, ಹೇಮಾವತಿ, ವೇದಾವತಿ, ಅರ್ಕಾವತಿ, ಎಲ್ಲರೂ ನಾಲ್ಕಕ್ಷರದವರು, ಎಲ್ಲರ ಬಾಲವೂ ‘ವತಿ’. ಕೊನೆ ಎರಡು ಮನೇಲಿ ವ, ತಿ ಅಂತ ತೆಳ್ಳಗೆ ಗೀಚಿಡು. ಮೊದಲೆರಡನ್ನ ಮುಟ್ಟಬೇಡ, ಮೇಲಿಂದ ಇಳಿಯೋ ಪದ ಬಂದು ತುಂಬ್ಲಿ.

ಪೋಸ್ಟಮ್ಮ: ಆ ‘ವ’ನೂ ನೆಚ್ಕೋಬೇಡಿ. ಕುಮುದ್ವತಿನೂ ನಾಲ್ಕೇ. ಮೂರನೇ ಮನೇಲಿ ‘ದ್ವ’ ಕೂತಿರ್ತಾಳೆ. ಮೇಲಿಂದ ‘ಪಾಂಡಿತ್ಯ (3)’ ಅಂತ ಬಂದು ನಡುಮನೆ ಅಲ್ಲೇ ಹಾದುಹೋದ್ರೆ ಅದು ‘ವಿದ್ವತ್ತು’, ನಿಮ್ಮ ವ ಹೊರಗೆ.

ಕಂಡಕ್ಟರ್: ಅಳಿಸಿದ್ರಾಯ್ತು.

ಪೋಸ್ಟಮ್ಮ: ಪತ್ರಿಕೆ ಕಾಗದ ಇದು, ಎರಡು ಸಲ ರಬ್ಬರ್ ಉಜ್ಜಿದ್ರೆ ತೂತು. ಆಮೇಲೆ ಹಿಂದಿನ ಪುಟದ ವಧೂವರರ ಜಾಹೀರಾತು ಕಾಣತ್ತೆ.

ಮೇಷ್ಟ್ರು: ಸುಳಿವು ಕೇಳಿ: ‘ನಂದಿಬೆಟ್ಟದಲ್ಲಿ ಹುಟ್ಟಿ ಸೂರ್ಯನ ಹೆಸರು ಹೊತ್ತವಳು (4)’.

ಪೋಸ್ಟಮ್ಮ: ಅರ್ಕ ಅಂದ್ರೆ ಸೂರ್ಯ. ಅರ್ಕಾವತಿ.

ಕಂಡಕ್ಟರ್: ಅ, ರ್, ಕಾ, ವ, ತಿ... ಐದಾಯ್ತು. ‘ತಿ’ ಕಪ್ಪು ಮನೆಗೆ ಹೋಯ್ತು ಸಾರ್.

ಮೇಷ್ಟ್ರು: ಅಯ್ಯೋ, ‘ರ್ಕಾ’ ಒಂದೇ ಮನೆ! ಒತ್ತು, ದೀರ್ಘ, ಸೊನ್ನೆ ಎಲ್ಲಾ ತಮ್ಮ ಅಕ್ಷರದ ಜೊತೆಗೇ ಸಂಸಾರ ಮಾಡ್ತವೆ. ಲಕ್ಷ್ಮಣತೀರ್ಥದಲ್ಲಿ ‘ಕ್ಷ್ಮ’ ಅಂತ ಮೂರು ವ್ಯಂಜನ ಒಂದೇ ಖೋಲಿಲಿ ಬಾಡಿಗೆಗಿದೆ. 1913ರ ಡಿಸೆಂಬರ್ 21ಕ್ಕೆ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೇಲಿ ಮೊದಲ ಪದಬಂಧ ಹಾಕಿದ ಆರ್ಥರ್ ವಿನ್‌ಗೆ ಈ ತಾಪತ್ರಯ ಇರ್ಲಿಲ್ಲ, ಒಂದು ಮನೆಗೆ ಒಂದೇ ಬಿಡಿ ಅಕ್ಷರ. ನಮ್ಮಲ್ಲಿ ಅಡ್ಡ ಪದಕ್ಕೂ ಉದ್ದ ಪದಕ್ಕೂ ಕಾಗುಣಿತ, ಒತ್ತು ಸಮೇತ ಹೊಂದಬೇಕು.

ಕಂಡಕ್ಟರ್: ‘ರ್ಕಾ’ ಇರೋ ಉದ್ದ ಪದ ಎಲ್ಲಿಂದ ತರೋದು?

ಪೋಸ್ಟಮ್ಮ: ಇಲ್ಲೇ ಇದೆ. ‘ಐದು ವರ್ಷಕ್ಕೆ ಬರುವುದು, ನಡುವೆಯೂ ಬೀಳಬಹುದು (3)’.

ಕಂಡಕ್ಟರ್: ಸರಕಾರ! ಸ, ರ, ಕಾ, ರ. ಥತ್, ನಾಲ್ಕಾಯ್ತು.

ಪೋಸ್ಟಮ್ಮ: ಆವರಣದಲ್ಲಿ ಮೂರಿದೆಯಲ್ಲ, ‘ಸರ್ಕಾರ’ ಬರೀರಿ. ನಾಲ್ಕಿದ್ದಿದ್ರೆ ‘ಸರಕಾರ’. ಕೂಡ್ಲಿ ಅಂದ್ರೆ ಎರಡು, ಕೂಡಲಿ ಅಂದ್ರೆ ಮೂರು. ತುಂಗಾ, ಭದ್ರಾ ಸೇರೋ ಜಾಗ ಮಾತ್ರ ಒಂದೇ.

ಭಟ್ರು (ಗಲ್ಲಾದಿಂದ): ಅಂತೂ ಅರ್ಕಾವತಿಗೆ ಸರ್ಕಾರ ಅಡ್ಡ ಬಂತು ಅನ್ನಿ.

ಮೇಷ್ಟ್ರು: ಅಡ್ಡ ಅಲ್ಲ ಭಟ್ರೆ, ಉದ್ದ.

ಕಂಡಕ್ಟರ್: ಮುಂದಿಂದು ನಂಗೊತ್ತು. ‘ಕೂಡಲಸಂಗಮದಲ್ಲಿ ಕೃಷ್ಣೆಯ ಮಡಿಲು ಸೇರುವವಳು (4)’. ಘಟಪ್ರಭಾ.

ಮೇಷ್ಟ್ರು: ಅವಳು ಗೋಕಾಕದಲ್ಲಿ ಧುಮುಕೋಳು. ಇದು ಮಲಪ್ರಭಾ. ಬರೆಯೋಕೆ ಮುಂಚೆ ಸುಳಿವಿನ ಧಾಟಿ ನೋಡು, ‘ಕೃಷ್ಣೆ’ ಅಂದಿದಾನೆ, ‘ಕೃಷ್ಣಾ’ ಅಂದಿಲ್ಲ. ಉತ್ತರವೂ ‘ಮಲಪ್ರಭೆ’ ಇರಬಹುದು. ಕೊನೆ ಮನೆ ಭಾನೋ ಭೆನೋ?

ಪೋಸ್ಟಮ್ಮ: ಆ ಮನೇಲಿ ಮುಗಿಯೋ ಉದ್ದ ಪದ ‘ಎಲ್ಲರೂ ಮಾತಾಡಿ ಏನೂ ತೀರ್ಮಾನವಾಗದ್ದು (2)’.

ಮೇಷ್ಟ್ರು: ಸಭೆ! ಹಾಗಾದ್ರೆ ಭೆ. ತುಂಗಾ–ತುಂಗೆ, ಭದ್ರಾ–ಭದ್ರೆ, ಎಲ್ಲಾ ಕಡೆ ಇದೇ ರಗಳೆ.

ಕಂಡಕ್ಟರ್: ‘ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವವಳು (3)’. ಕಬಿನಿ.

ಪೋಸ್ಟಮ್ಮ: ಕಪಿಲಾನೂ ಅವಳೇ. ‘ಕ’ ಒಂದನ್ನ ಮಾತ್ರ ಧೈರ್ಯವಾಗಿ ಬರೀರಿ. ಇದು ನೋಡಿ, ಸೊಗಸಾಗಿದೆ: ‘ದಿನ ಹಿಂದಕ್ಕೆ ಹರಿದಾಗ (2)’.

ಕಂಡಕ್ಟರ್: ನಿನ್ನೆ?

ಪೋಸ್ಟಮ್ಮ: ನದಿ! ದಿ, ನ ತಿರುಗಿಸಿ. ಅಕ್ಷರ ಇಡಿಯಾಗಿ ತಿರುಗತ್ತೆ, ಗುಡಿಸು ಅದರ ಬೆನ್ನಿಗೇ ಅಂಟ್ಕೊಂಡು ಬರತ್ತೆ.

ಮೇಷ್ಟ್ರು: ಉಳಿದಿದ್ದು ಮೂಲೆಯ ಒಂದೇ. ‘ನದಿಯೂ ಹೌದು, ನದಿ ದಾಟಿಸುವುದೂ ಹೌದು (2)’.

ಕಂಡಕ್ಟರ್: ದೋಣಿ. ಆದ್ರೆ ಆ ಹೆಸರಿನ ನದಿ?

ಮೇಷ್ಟ್ರು: ವಿಜಯಪುರದ ಕಡೆ ಹೋಗಿ ಕೇಳು. ಅಲ್ಲಿ ಅದು ಡೋಣಿ, ಕೃಷ್ಣೆಗೆ ಸೇರತ್ತೆ. ಮೊದಲ ಮನೆ ಡೋನೋ ದೋನೋ ಅನ್ನೋದೇ ಈಗ ಜಗಳ. ಅಲ್ಲಿಂದಲೇ ಎರಡಕ್ಷರದ ಉದ್ದ ಪದ ಶುರು.

ಭಟ್ರು: ದೋಸೆ ಹಾಕಿ.

ಮೇಷ್ಟ್ರು: ಸುಳಿವು ಕೇಳಿ ಭಟ್ರೆ, ‘ಮದುವೆ ಮನೆಯಲ್ಲಿ ಏಟು ತಿನ್ನುವುದು’.

ಕಂಡಕ್ಟರ್: ಮದುಮಗ!

ಪೋಸ್ಟಮ್ಮ: ಎರಡೇ ಮನೆ ಕಣ್ರೀ. ಡೋಲು. ಆದ್ದರಿಂದ ಡೋಣಿ. ದೋಸೆ ಬೇಡ ಭಟ್ರೆ.

ಭಟ್ರು: ಮೊದಲೇ ಹೇಳೋದಲ್ವಾ ತಾಯೀ? ‘ಹಾಕಿ’ ಅಂದಿದ್ದು ಅಡುಗೆಮನೆಗೆ ಕೇಳಿಸಿ, ಮೂರು ಕಾವಲಿ ಮೇಲಿದೆ.